ಶೈಕ್ಷಣಿಕ ನಿರ್ವಹಣೆ: ಅರ್ಥ, ಅಗತ್ಯ, ಸ್ವರೂಪ – ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕನಾಗಿದ್ದಾಗ, ಆಮೇಲೆ ತರಬೇತಿಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿ ಓಡಾಡಿದಾಗ, ಬಿ.ಎಡ್. ವಿದ್ಯಾರ್ಥಿಗಳು ಬರೆದ ಪತ್ರಗಳನ್ನು ಓದಿದಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳವು. ನಾನು ಒಳಗಿನಿಂದ ಬಲ್ಲದ್ದು ಅವುಗಳನ್ನೇ.

## ಅರ್ಥ ಮತ್ತು ಅಗತ್ಯ

"ಶೈಕ್ಷಣಿಕ ನಿರ್ವಹಣೆ ಎಂದರೆ ಏನು ಸರ್? ಗೈಡಿನಲ್ಲಿರುವ ವ್ಯಾಖ್ಯೆ ಬಾಯಿಗೆ ಬರುತ್ತದೆ, ತಲೆಗೆ ಹೋಗುವುದಿಲ್ಲ."

ಶಾಲೆಯಲ್ಲಿ ಮಕ್ಕಳಿದ್ದಾರೆ, ಶಿಕ್ಷಕರಿದ್ದಾರೆ. ಕೊಠಡಿ, ಪುಸ್ತಕ, ಕರಿಹಲಗೆ, ಒಂದಿಷ್ಟು ಅನುದಾನ, ವರ್ಷಕ್ಕೆ ಇಂತಿಷ್ಟು ದಿನ ಎಂಬ ಲೆಕ್ಕವೂ ಇದೆ. ಇವೆಲ್ಲ ಒಂದೇ ಕಾಂಪೌಂಡಿನೊಳಗೆ ಇದ್ದ ಮಾತ್ರಕ್ಕೆ ಪಾಠ ನಡೆಯುತ್ತದೆ ಎಂದೇನೂ ಇಲ್ಲ. ಯಾವ ತರಗತಿಗೆ ಯಾರು, ಯಾವ ಹೊತ್ತಿಗೆ, ಏನನ್ನು ಸಿದ್ಧಮಾಡಿಕೊಂಡು ಹೋಗಬೇಕು ಎಂಬುದನ್ನು ಮೊದಲೇ ಯೋಚಿಸಿ, ಕೆಲಸ ಹಂಚಿ, ನಡೆಸಿ, ನಡೆದದ್ದನ್ನು ಮತ್ತೊಮ್ಮೆ ನೋಡಿ ತಿದ್ದಿಕೊಳ್ಳುವ ಕೆಲಸಕ್ಕೆ ಶೈಕ್ಷಣಿಕ ನಿರ್ವಹಣೆ ಎಂದು ಹೆಸರು. ಮಗು ಮತ್ತು ಶಿಕ್ಷಕ ಪಾಠದ ಹೊತ್ತಿನಲ್ಲಿ ಎದುರುಬದುರಾಗುವುದಕ್ಕೆ ಅಡ್ಡಿಯಾಗುವ ಎಲ್ಲವನ್ನೂ ದಾರಿಯಿಂದ ಸರಿಸುವುದು ಇದರ ಮುಖ್ಯ ಕೆಲಸ ಎಂಬುದು ನನ್ನ ತಿಳಿವಳಿಕೆ.

ಇಲ್ಲೊಂದು ಗೊಂದಲವಿದೆ. ನಮ್ಮ ಆಡುಮಾತಿನಲ್ಲಿ 'ಮ್ಯಾನೇಜ್‌ಮೆಂಟ್' ಎಂದರೆ ಖಾಸಗಿ ಶಾಲೆಯ ಆಡಳಿತ ಮಂಡಳಿಯವರು. 'ಮ್ಯಾನೇಜ್‌ಮೆಂಟಿನವರು ಒಪ್ಪಲಿಲ್ಲ' ಎನ್ನುತ್ತೇವೆ, 'ಮ್ಯಾನೇಜ್‌ಮೆಂಟ್ ಸೀಟು' ಎನ್ನುತ್ತೇವೆ. ಈ ಬಳಕೆಯಿಂದಾಗಿ ನಿರ್ವಹಣೆ ಎಂದರೆ ಯಜಮಾನಿಕೆ ಎಂಬ ಭಾವನೆ ಬೇರೂರಿದೆ. ಇಲ್ಲಿ ನಾನು ಆ ಪದವನ್ನು ಜನರ ಹೆಸರಾಗಿ ಬಳಸದೆ ಕೆಲಸದ ಹೆಸರಾಗಿ ಬಳಸಿದ್ದೇನೆ.

"ಆಡಳಿತ, ನಿರ್ವಹಣೆ, ಮೇಲ್ವಿಚಾರಣೆ ಎಲ್ಲ ಒಂದೇ ಅಲ್ಲವೇ? ಪರೀಕ್ಷೆಯಲ್ಲಿ ಮಾತ್ರ ವ್ಯತ್ಯಾಸ ಬರೆಯಿರಿ ಅನ್ನುತ್ತಾರೆ."

ಒಂದೇ ಸಂಗತಿಯನ್ನು ಮೂರೂ ಕಡೆಯಿಂದ ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ನಾಲ್ಕನೇ ತರಗತಿಗೆ ಗಣಿತ ಕಲಿಸುವ ಶಿಕ್ಷಕಿಯೊಬ್ಬರು ಹೆರಿಗೆ ರಜೆಗೆ ಅರ್ಜಿ ಕೊಟ್ಟಿದ್ದಾರೆ ಎಂದುಕೊಳ್ಳಿ. ನಿಯಮದ ಪ್ರಕಾರ 180 ದಿನಗಳ ರಜೆ ಮಂಜೂರು ಮಾಡಿ, ಸೇವಾ ಪುಸ್ತಕದಲ್ಲಿ ನಮೂದಿಸಿ, ವೇತನ ತಡೆಯಿಲ್ಲದೆ ಬರುವಂತೆ ನೋಡಿಕೊಳ್ಳುವುದು ಆಡಳಿತ. ಆ ಆರು ತಿಂಗಳು ಭಿನ್ನರಾಶಿಯ ಪಾಠವನ್ನು ಯಾರು ಮಾಡಬೇಕು, ಅತಿಥಿ ಶಿಕ್ಷಕರು ಬರುವವರೆಗೆ ಐದನೇ ತರಗತಿಯೊಂದಿಗೆ ಕೂಡಿಸಬಹುದೇ, ರಜೆಗೆ ಹೋಗುವ ಮುನ್ನ ಅವರಿಂದ ಯಾವ ಮಗು ಎಲ್ಲಿ ತಡೆಯುತ್ತಿದೆ ಎಂಬ ಟಿಪ್ಪಣಿ ಬರೆಸಿಕೊಳ್ಳಬೇಕೇ ಎಂದು ಯೋಚಿಸಿ ಏರ್ಪಾಡು ಮಾಡುವುದು ನಿರ್ವಹಣೆ. ಹದಿನೈದು ದಿನ ಕಳೆದ ಮೇಲೆ ಆ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಪಾಠ ಹೇಗೆ ಸಾಗಿದೆ ಎಂದು ನೋಡಿ, ಹೊಸಬರಿಗೆ ನೆರವಾಗುವುದು ಮೇಲ್ವಿಚಾರಣೆ.

ಆಡಳಿತದಲ್ಲಿ ಉತ್ತರ ನಿಯಮಪುಸ್ತಕದಲ್ಲಿರುತ್ತದೆ, ನಿರ್ವಹಣೆಯಲ್ಲಿ ಅದನ್ನು ನಾವೇ ಹುಡುಕಬೇಕು. ಮಂಜೂರಾತಿ ಆದೇಶ ಫೈಲಿಗೆ ಸೇರಿದ ಕೂಡಲೇ ಕೆಲಸ ಮುಗಿಯಿತು ಎಂದು ಭಾವಿಸುವ ಮುಖ್ಯ ಶಿಕ್ಷಕರು ಒಳ್ಳೆಯ ಆಡಳಿತಗಾರರೇ ಇರಬಹುದು. ಆದರೂ ನಾಲ್ಕನೇ ತರಗತಿಯ ಮಕ್ಕಳು ಆರು ತಿಂಗಳು ಭಿನ್ನರಾಶಿಯಿಲ್ಲದೆ ಉಳಿಯುತ್ತಾರೆ.

"ಹಿಂದಿನ ಕಾಲದಲ್ಲಿ ಒಬ್ಬರೇ ಮೇಷ್ಟ್ರು ಶಾಲೆ ನಡೆಸುತ್ತಿದ್ದರು. ಆಗ ಯಾವ ನಿರ್ವಹಣೆ ಇತ್ತು? ಈಗೇಕೆ ಇಷ್ಟು ದೊಡ್ಡ ವಿಷಯ ಮಾಡುತ್ತೀರಿ?"

ಆಗಲೂ ನಿರ್ವಹಣೆ ಇತ್ತು, ಒಬ್ಬರ ತಲೆಯೊಳಗಿತ್ತು ಅಷ್ಟೆ. ಕೂಲಿಮಠದ ಅಯ್ಯನವರಾಗಲಿ ಉತ್ತರ ಕರ್ನಾಟಕದ ಗಾಂವಠಿ ಶಾಲೆಯ ಮಾಸ್ತರರಾಗಲಿ ಯಾವ ಹುಡುಗನಿಗೆ ಮಗ್ಗಿ, ಯಾವನಿಗೆ ಓದು ಎಂಬುದನ್ನು ತಾವೇ ತೀರ್ಮಾನಿಸುತ್ತಿದ್ದರು. ಸುಗ್ಗಿಯಲ್ಲಿ ಶಾಲೆಗೆ ಬಿಡುವು ಕೊಡುತ್ತಿದ್ದರು. ದೊಡ್ಡ ಹುಡುಗರಿಗೆ ಚಿಕ್ಕವರನ್ನು ಒಪ್ಪಿಸುತ್ತಿದ್ದರು. ಆ ವ್ಯವಸ್ಥೆಯನ್ನು ನೆನೆದು ನಿಟ್ಟುಸಿರು ಬಿಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಶಾಲೆಗೆ ಬಾರದ ಮಗುವಿನ ಬಗ್ಗೆ ಆ ಮೇಷ್ಟ್ರನ್ನು ಯಾರೂ ಕೇಳುತ್ತಿರಲಿಲ್ಲ, ಹೆಣ್ಣುಮಕ್ಕಳೂ ದಲಿತರ ಮಕ್ಕಳೂ ಅಲ್ಲಿ ಬಹುಮಟ್ಟಿಗೆ ಇರಲೇ ಇಲ್ಲ.

2002ರ 86ನೆಯ ತಿದ್ದುಪಡಿ ಸಂವಿಧಾನಕ್ಕೆ 21ಎ ವಿಧಿಯನ್ನು ಸೇರಿಸಿ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದನ್ನು ಕಾರ್ಯಗತಗೊಳಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂದಿನಿಂದ ಬಾರದ ಮಗು ಕೂಡ ವ್ಯವಸ್ಥೆಯ ಹೊಣೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ ಮತ್ತು 800 ಬೋಧನಾ ಗಂಟೆ, ಆರರಿಂದ ಎಂಟಕ್ಕೆ 220 ದಿನ ಮತ್ತು 1,000 ಗಂಟೆ, ಶಿಕ್ಷಕರಿಗೆ ಪೂರ್ವಸಿದ್ಧತೆಯೂ ಸೇರಿ ವಾರಕ್ಕೆ ಕನಿಷ್ಠ 45 ಗಂಟೆ ಎಂದು ಆ ಕಾಯ್ದೆಯ ಅನುಸೂಚಿ ಹೇಳುತ್ತದೆ. ಇದರ ಜೊತೆಗೆ ಬಿಸಿಯೂಟ, ಹಾಲು, ಪಠ್ಯಪುಸ್ತಕ, ಸಮವಸ್ತ್ರ, ವಿದ್ಯಾರ್ಥಿವೇತನ, ವಿಶೇಷ ಅಗತ್ಯವುಳ್ಳ ಮಕ್ಕಳ ಏರ್ಪಾಡುಗಳೂ ಶಾಲೆಯ ಬಾಗಿಲಿಗೇ ಬಂದಿವೆ. ಇಷ್ಟನ್ನೂ ಒಬ್ಬರ ತಲೆಯೊಳಗೆ ಇಟ್ಟುಕೊಂಡು ನಡೆಸಲಾಗುವುದಿಲ್ಲ. ಇಟ್ಟುಕೊಂಡರೂ ಅವರು ವರ್ಗವಾದ ದಿನ ಶಾಲೆಯ ನೆನಪೇ ಅವರೊಂದಿಗೆ ಬಸ್ಸು ಹತ್ತಿ ಹೋಗುತ್ತದೆ.

"ನಾನು ಬರೀ ಸಹಶಿಕ್ಷಕಿ. ನಿರ್ವಹಣೆ ಹೆಡ್‌ಮಾಸ್ಟರರ ತಲೆನೋವು. ನನಗೇಕೆ ಈ ಪಾಠ?"

ಮೂವತ್ತೈದು ಮಕ್ಕಳ ಒಂದು ಕೊಠಡಿಯನ್ನು ನಲವತ್ತು ನಿಮಿಷ ನಡೆಸುವವರು ಆಗಲೇ ನಿರ್ವಹಣೆ ಮಾಡುತ್ತಿದ್ದಾರೆ. ಬರೆದು ಮುಗಿಸಿದ ಮಗುವಿಗೆ ಮುಂದೇನು, ಬರೆಯಲಾರದ ಮಗುವಿನ ಪಕ್ಕ ಯಾರು, ಪ್ರಯೋಗದ ಸಾಮಾನು ಯಾವ ಅವಧಿಗೆ ಮುನ್ನ ತರಿಸಬೇಕು ಎಂಬುದೆಲ್ಲ ಅದೇ.

ಇನ್ನೊಂದು ಕಾರಣ ಸ್ವಲ್ಪ ಕಟುವಾದದ್ದು. ಕಾಯ್ದೆಯ ಅನುಸೂಚಿಯ ಪ್ರಕಾರ ಕಿರಿಯ ಹಂತದಲ್ಲಿ 150ಕ್ಕಿಂತ ಹೆಚ್ಚು, ಹಿರಿಯ ಹಂತದಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದಾಗ ಮುಖ್ಯ ಶಿಕ್ಷಕರು ಇರಲೇಬೇಕು. ಅದಕ್ಕಿಂತ ಚಿಕ್ಕ ಶಾಲೆಗಳಲ್ಲಿ ಸೇವೆಯಲ್ಲಿ ಹಿರಿಯರಾದವರಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ 'ಪ್ರಭಾರ' ಬರುತ್ತದೆ. ಬೀಗದ ಕೈ ಗೊಂಚಲು, ನಗದು ಪುಸ್ತಕ, ಅಕ್ಕಿಯ ದಾಸ್ತಾನು ಅರ್ಧ ಗಂಟೆಯಲ್ಲಿ ಕೈ ಬದಲಾಗುತ್ತವೆ. ಆ ಬೆಳಿಗ್ಗೆ ಕಲಿಯಲು ಶುರುಮಾಡಿದರೆ ತಡವಾಗಿರುತ್ತದೆ.

## ಶಾಲೆಯ ಒಳಗೆ

"ಯೋಜನೆ, ಸಂಘಟನೆ, ನಿರ್ದೇಶನ, ಸಮನ್ವಯ, ನಿಯಂತ್ರಣ ಅಂತ ಬಾಯಿಪಾಠ ಮಾಡಿದ್ದೇನೆ. ನಿಜವಾದ ಶಾಲೆಯಲ್ಲಿ ಇವು ಎಲ್ಲಿ ಕಾಣುತ್ತವೆ?"

ಈ ಪಟ್ಟಿ ಶಾಲೆಯಲ್ಲಿ ಹುಟ್ಟಿದ್ದಲ್ಲ. ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ಕೈಗಾರಿಕೆಯ ಆಡಳಿತವನ್ನು ಕುರಿತು ಬರೆದಾಗ ಈ ಐದನ್ನು ಹೆಸರಿಸಿದರು. 1937ರಲ್ಲಿ ಅಮೆರಿಕದ ಲೂಥರ್ ಗುಲಿಕ್ ಇವುಗಳಲ್ಲಿ ಮೊದಲ ನಾಲ್ಕಕ್ಕೆ ಸಿಬ್ಬಂದಿ, ವರದಿ, ಆಯವ್ಯಯಗಳನ್ನು ಸೇರಿಸಿ, ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ 'ಪೋಸ್ಡ್‌ಕಾರ್ಬ್' ಎಂಬ ವಿಚಿತ್ರ ಪದ ಕಟ್ಟಿದರು. ಬಿ.ಎಡ್. ಪುಸ್ತಕಗಳು ಅದನ್ನೇ ಎತ್ತಿಕೊಂಡು ಬಂದಿವೆ. ಗಣಿಯಿಂದ ಬಂದ ಪಟ್ಟಿ ನಲ್ಲಿಯ ಬಳಿ ಹೇಗೆ ಕೆಲಸಕ್ಕೆ ಬಂತು ಎಂಬುದನ್ನು ಹೇಳುತ್ತೇನೆ.

ನಮ್ಮ ಶಾಲೆಯಲ್ಲಿ ಊಟದ ನಂತರದ ಮೊದಲ ಅವಧಿ ದಿನವೂ ತಡವಾಗಿ ಶುರುವಾಗುತ್ತಿತ್ತು. ಮಕ್ಕಳು ಆಟದ ಮೋಜಿನಲ್ಲಿ ಬರುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಬೈದೆವು, ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದೆವು. ಕೊನೆಗೆ ಒಂದು ವಾರ ನಾನು ಕೈಗಡಿಯಾರ ನೋಡಿಕೊಂಡು ನೀರಿನ ತೊಟ್ಟಿಯ ಪಕ್ಕ ನಿಂತೆ. ತೊಟ್ಟಿಗೆ ಆರು ನಲ್ಲಿಗಳಿದ್ದವು, ನೀರು ಬರುತ್ತಿದ್ದದ್ದು ಎರಡರಲ್ಲಿ. ನೂರಹತ್ತು ಮಕ್ಕಳು ಆ ಎರಡು ನಲ್ಲಿಗಳ ಮುಂದೆ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ದೊಡ್ಡವರು ಮೊಣಕೈಯಲ್ಲಿ ಜಾಗ ಮಾಡಿಕೊಂಡು ತೊಳೆದು ಹೋಗುತ್ತಿದ್ದರು. ಎರಡನೇ ತರಗತಿಯ ಹುಡುಗಿಯೊಬ್ಬಳು ಸಾರು ಒಣಗಿದ ತಟ್ಟೆಯನ್ನು ಎದೆಗವಚಿಕೊಂಡು ಗಂಟೆ ಹೊಡೆದ ಮೇಲೂ ಅಲ್ಲೇ ಇದ್ದಳು. ಕೊನೆಯ ಮಗು ಒಳಗೆ ಬರುವಾಗ ಹದಿನೈದು ನಿಮಿಷ ದಾಟಿತ್ತು.

ಹದಿನೈದು ನಿಮಿಷವನ್ನು 220 ದಿನಕ್ಕೆ ಲೆಕ್ಕ ಹಾಕಿದರೆ 3,300 ನಿಮಿಷ, ಅಂದರೆ 55 ಗಂಟೆ, ನಲವತ್ತು ನಿಮಿಷದ 82 ಅವಧಿಗಳು. ಆ ಅವಧಿ ಹೆಚ್ಚಿನ ದಿನಗಳಲ್ಲಿ ವಿಜ್ಞಾನದ್ದಾಗಿತ್ತು. ಆರನೇ ತರಗತಿಯಲ್ಲಿ ಪ್ರತಿ ವರ್ಷ ಮುಗಿಯದೆ ಉಳಿಯುತ್ತಿದ್ದ ಪಾಠಗಳೂ ವಿಜ್ಞಾನದವೇ.

ಸಿಬ್ಬಂದಿ ಸಭೆಯಲ್ಲಿ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದೆ. ನಾಲ್ಕು ನಲ್ಲಿಗಳ ವಾಷರ್ ಬದಲಾಯಿಸುವುದು, ನಲಿ ಕಲಿ ಮಕ್ಕಳಿಗೆ (ಒಂದರಿಂದ ಮೂರನೇ ತರಗತಿಯವರಿಗೆ) ಹತ್ತು ನಿಮಿಷ ಮೊದಲೇ ಊಟಕ್ಕೆ ಬಿಡುವುದು ಎಂದು ನಿರ್ಧರಿಸಿದ್ದು ಯೋಜನೆ. ಯಾವ ದಿನ ತೊಟ್ಟಿಯ ಬಳಿ ಯಾರು, ಊಟ ಬಡಿಸುವಲ್ಲಿ ಯಾರು ಎಂದು ಹಂಚಿಕೊಂಡದ್ದು ಸಂಘಟನೆ. ಹತ್ತು ನಿಮಿಷ ಮುಂಚೆ ಅನ್ನ ಸಿದ್ಧವಾಗಬೇಕಾದರೆ ಅಡುಗೆಯವರಿಗೆ ಅಕ್ಕಿಯನ್ನೂ ಮುಂಚೆಯೇ ಅಳೆದುಕೊಡಬೇಕು, ಅದಕ್ಕೆ ಮೊದಲ ಅವಧಿಯಲ್ಲೇ ಹಾಜರಿ ಸಂಖ್ಯೆ ಅವರ ಕೈ ಸೇರಬೇಕು. ಈ ಸರಪಳಿಯನ್ನು ಜೋಡಿಸಿದ್ದು ಸಮನ್ವಯ. ಹೊಸ ಕ್ರಮ ಏಕೆ ಎಂದು ಮಕ್ಕಳಿಗೂ ಅಡುಗೆಯವರಿಗೂ ಹೇಳಿ ಮೊದಲ ಕೆಲವು ದಿನ ಜೊತೆಗೆ ನಿಂತದ್ದು ನಿರ್ದೇಶನ. ಎರಡು ವಾರದ ಬಳಿಕ ಮತ್ತೆ ಗಡಿಯಾರ ಹಿಡಿದು ನಿಂತದ್ದು ನಿಯಂತ್ರಣ. ತಡ ಹದಿನೈದರಿಂದ ನಾಲ್ಕು ನಿಮಿಷಕ್ಕೆ ಇಳಿದಿತ್ತು. ವಾಷರಿಗೆ ತಗುಲಿದ ಖರ್ಚು ತೀರ ಅಲ್ಪ. ಅದನ್ನು ಕಂಡುಹಿಡಿಯುವ ಮೊದಲು ನಾವು ಎರಡು ವರ್ಷ ಮಕ್ಕಳನ್ನು ಬೈದಿದ್ದೆವು.

"ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ಐದು ತರಗತಿಗೆ ಇಬ್ಬರೇ ಶಿಕ್ಷಕರು. ಇಲ್ಲಿ ಏನು ವೇಳಾಪಟ್ಟಿ ಮಾಡುವುದು ಹೇಳಿ?"

ತರಗತಿಗೊಬ್ಬ ಶಿಕ್ಷಕ ಎಂಬ ಕಲ್ಪನೆಯ ಮೇಲೆ ನಿಂತ ವೇಳಾಪಟ್ಟಿಯನ್ನು ಇಲ್ಲಿ ಕುಗ್ಗಿಸಿ ಹಾಕಲು ಹೋಗಬೇಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹರಡಿದ ನಲಿ ಕಲಿ ಪದ್ಧತಿ ಹುಟ್ಟಿದ್ದೇ ಇಂಥ ಇಕ್ಕಟ್ಟಿಗೆ ಉತ್ತರವಾಗಿ. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಶಿಕ್ಷಕರ ಬೆಂಬಲ ಬೇಕಾದವರು, ಸಹಪಾಠಿಯ ಬೆಂಬಲ ಸಾಕಾದವರು, ತಾವೇ ಕಲಿಯಬಲ್ಲವರು ಎಂದು ಗುಂಪು ಮಾಡಿದಾಗ ಶಿಕ್ಷಕರು ಒಂದು ಹೊತ್ತಿಗೆ ಒಂದೇ ಗುಂಪಿಗೆ ಪೂರ್ತಿ ಗಮನ ಕೊಡಲು ಸಾಧ್ಯವಾಗುತ್ತದೆ. ಇನ್ನೊಬ್ಬ ಶಿಕ್ಷಕರು ನಾಲ್ಕು ಮತ್ತು ಐದನ್ನು ನೋಡಿಕೊಳ್ಳುವಾಗ ಗಣಿತ ಮತ್ತು ಭಾಷೆಯನ್ನು ಬೇರೆ ಬೇರೆಯಾಗಿಯೂ, ಪರಿಸರ ಅಧ್ಯಯನ, ಚಿತ್ರಕಲೆ, ಆಟಗಳನ್ನು ಒಟ್ಟಿಗೂ ಇಟ್ಟುಕೊಳ್ಳಬಹುದು. ಒಂದು ತರಗತಿಗೆ ನೇರ ಪಾಠ ನಡೆಯುವಾಗ ಇನ್ನೊಂದಕ್ಕೆ ಬರವಣಿಗೆಯೋ ಓದೋ ಇರಬೇಕು.

ಇಬ್ಬರ ಶಾಲೆಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಎರಡನೆಯ ವೇಳಾಪಟ್ಟಿಯನ್ನು. ಒಬ್ಬರು ಸಭೆಗೋ ತರಬೇತಿಗೋ ರಜೆಗೋ ಹೋದ ದಿನ ಉಳಿದ ಒಬ್ಬರು ಏನು ಮಾಡಬೇಕು ಎಂಬುದನ್ನು ಅಂದಿನ ಬೆಳಿಗ್ಗೆ ಯೋಚಿಸಿದರೆ ಆ ದಿನ ಮಕ್ಕಳನ್ನು ಕೂಡಿಹಾಕಿಕೊಂಡು ಕುಳಿತದ್ದಾಗುತ್ತದೆಯೇ ಹೊರತು ಪಾಠವಾಗುವುದಿಲ್ಲ. ಅಂಥ ದಿನಗಳು ಬಂದೇ ಬರುತ್ತವೆ. ಒಬ್ಬರೇ ಇರುವ ದಿನದ ವೇಳಾಪಟ್ಟಿಯನ್ನು ಜೂನ್ ತಿಂಗಳಲ್ಲೇ ಬರೆದು ಗೋಡೆಗೆ ಅಂಟಿಸಿ.

ದಾಖಲಾತಿಯ ಮೇಲೂ ಕಣ್ಣಿಡಿ. ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಗಡಿಯಲ್ಲಿರುವ ಶಾಲೆಗೆ ಒಂದೇ ಒಂದು ಟಿಸಿಯೂ ದೊಡ್ಡ ಸಂಗತಿ.

"ರಿಜಿಸ್ಟರ್ ಬರೆಯುವುದರಲ್ಲೇ ದಿನ ಮುಗಿಯುತ್ತದೆ. ಇದನ್ನೂ ನಿರ್ವಹಣೆ ಅನ್ನುತ್ತೀರಾ?"

ಬರೆಯುವುದು ನಿರ್ವಹಣೆಯಲ್ಲ, ಬರೆದದ್ದನ್ನು ಓದುವುದು ನಿರ್ವಹಣೆ. ಹಾಜರಿ, ದಾಖಲಾತಿ ವಹಿ, ನಗದು ಪುಸ್ತಕ, ದಾಸ್ತಾನು ವಹಿ, ಬಿಸಿಯೂಟ ಮತ್ತು ಹಾಲಿನ ಲೆಕ್ಕ, ಚಲನವಲನ ವಹಿ. ಇವುಗಳ ಮೇಲೆ ಮಕ್ಕಳ ವಿವರ ಇಡುವ ಸ್ಯಾಟ್ಸ್ ಮತ್ತು ಶಾಲೆಗಳ ಅಂಕಿಅಂಶ ಕೂಡಿಸುವ ಯುಡೈಸ್ ತಂತ್ರಾಂಶಗಳಿಗೆ ತುಂಬುವ ಮಾಹಿತಿ. ಹೊರೆ ಹೆಚ್ಚಾಗಿದೆ ಎಂಬ ನಿಮ್ಮ ದೂರು ನಿಜ. ಒಂದೇ ಅಂಕಿಯನ್ನು ಒಂದೇ ವಾರದಲ್ಲಿ ಮೂರು ನಮೂನೆಗಳಲ್ಲಿ ಕೇಳುವ ಮೇಲಿನ ಕಚೇರಿಗಳು ಶಾಲೆಯ ಪಾಠದ ಹೊತ್ತನ್ನೇ ತಿನ್ನುತ್ತಿವೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಪ್ರಕರಣ ಹೇಳುತ್ತದೆ. ಆದರೆ ಶಾಲೆಯ ಹೆಸರಿನಲ್ಲೇ ಬರುವ ಕಾಗದದ ಕೆಲಸ ಈ ಪ್ರಕರಣಕ್ಕೆ ಸಿಕ್ಕುವುದಿಲ್ಲ.

ಹಾಗಿದ್ದರೂ ಹಾಜರಿ ಪುಸ್ತಕವನ್ನು ಅಡ್ಡಡ್ಡ ಓದುವುದನ್ನು ಬಿಟ್ಟು ಉದ್ದುದ್ದ ಓದಿ ನೋಡಿ. ಆರನೇ ತರಗತಿಯ ಹಾಜರಿಯನ್ನು ಹಾಗೆ ನೋಡುತ್ತಿದ್ದಾಗ ಮಂಗಳವಾರಗಳ ಕಲಮಿನಲ್ಲಿ ಅದೇ ನಾಲ್ಕೈದು ಹೆಸರುಗಳ ಮುಂದೆ ಗೈರು ಕಂಡಿತು, ಎಲ್ಲರೂ ಹುಡುಗಿಯರು. ಮಂಗಳವಾರ ಪಕ್ಕದ ಊರಿನ ಸಂತೆ. ತಾಯಂದಿರು ಸೊಪ್ಪು ಮಾರಲು ಹೋದಾಗ ಮನೆಯ ಕೂಸನ್ನು ನೋಡಿಕೊಳ್ಳಲು ಇವರು ಉಳಿಯುತ್ತಿದ್ದರು. ನಾವು ಘಟಕ ಪರೀಕ್ಷೆಗಳನ್ನು ಇಟ್ಟುಕೊಂಡಿದ್ದದ್ದೂ ಮಂಗಳವಾರವೇ. ಪರೀಕ್ಷೆಯನ್ನು ಗುರುವಾರಕ್ಕೆ ಸರಿಸಿದ್ದು ಸುಲಭವಾಗಿತ್ತು. ಕೂಸುಗಳನ್ನು ಅಂಗನವಾಡಿಗೆ ಬಿಡುವಂತೆ ತಾಯಂದಿರನ್ನೂ ಕಾರ್ಯಕರ್ತೆಯನ್ನೂ ಒಪ್ಪಿಸಲು ತಿಂಗಳುಗಳೇ ಹಿಡಿದವು, ಎಲ್ಲರೂ ಒಪ್ಪಲೂ ಇಲ್ಲ.

ಬಿಸಿಯೂಟದ ಲೆಕ್ಕವೂ ಹೀಗೆಯೇ. ಒಂದರಿಂದ ಐದರ ಮಗುವಿಗೆ 100 ಗ್ರಾಂ, ಆರರಿಂದ ಎಂಟರ ಮಗುವಿಗೆ 150 ಗ್ರಾಂ ಧಾನ್ಯ ಎಂಬುದು ಮಾನದಂಡ. 60 ಚಿಕ್ಕವರು, 50 ದೊಡ್ಡವರು ಹಾಜರಿದ್ದರೆ ಆ ದಿನ ಖರ್ಚಾಗಬೇಕಾದದ್ದು ಹದಿಮೂರೂವರೆ ಕಿಲೋ. ಹಾಜರಿ ಪುಸ್ತಕ ಒಂದು ಸಂಖ್ಯೆ, ಅಕ್ಕಿಯ ವಹಿ ಇನ್ನೊಂದು ಸಂಖ್ಯೆ ಹೇಳುತ್ತಿದ್ದರೆ ತಪಾಸಣೆಯವರು ಬರುವವರೆಗೆ ಕಾಯಬೇಕಾಗಿಲ್ಲ. ದಾಖಲಾತಿ ವಹಿಯನ್ನಂತೂ ಇಲಿ, ಸೋರಿಕೆ ಎರಡರಿಂದಲೂ ಕಾಪಾಡಿ. ಐವತ್ತು ವರ್ಷದ ಹಿಂದೆ ಓದಿದವರು ಜನ್ಮದಿನಾಂಕ ಕೇಳಿಕೊಂಡು ಬರುವುದು ಅದಕ್ಕಾಗಿಯೇ.

"ಎಸ್‌ಡಿಎಂಸಿ ಸಭೆಗೆ ಸಹಿ ಬರುತ್ತದೆ, ಜನ ಬರುವುದಿಲ್ಲ. ಏನು ಮಾಡಬೇಕು?"

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಕರ್ನಾಟಕಕ್ಕೆ ಶಿಕ್ಷಣ ಹಕ್ಕು ಕಾಯ್ದೆಗಿಂತ ಮೊದಲೇ ಬಂದಿತ್ತು. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರಲ್ಲಿ ಹೊರಟ ಆದೇಶ ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗಕ್ಕೆ ಪೋಷಕರೇ ಹೆಚ್ಚಾಗಿರುವ ಈ ಸಮಿತಿಗಳನ್ನು ತಂದಿತು. 2009ರ ಕಾಯ್ದೆಯ 21ನೆಯ ಪ್ರಕರಣ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು ಎಂದಿತು. 22ನೆಯ ಪ್ರಕರಣ ಶಾಲಾ ಅಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ಸಿದ್ಧಪಡಿಸಬೇಕು ಎಂದಿತು. ಹಾಗಾಗಿ ಪೋಷಕರು ನಿರ್ವಹಣೆಯ ಅತಿಥಿಗಳಲ್ಲ, ಪಾಲುದಾರರು.

ಜನ ಏಕೆ ಬರುವುದಿಲ್ಲ ಎಂಬುದಕ್ಕೆ ಸಭೆಯ ಸೂಚನಾ ಪತ್ರವನ್ನೇ ತೆಗೆದು ನೋಡಿ. ಕಳೆ ಕೀಳುವ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ವಿಷಯಸೂಚಿಯಲ್ಲಿ ಅನುದಾನದ ಖರ್ಚಿಗೆ ಅನುಮೋದನೆ ಬಿಟ್ಟು ಬೇರೇನಿಲ್ಲ. ನಡಾವಳಿ ಮೊದಲೇ ಬರೆದಾಗಿದೆ. ಸಂಜೆ ಆರರ ನಂತರ ಸಭೆ ಸೇರಿಸಿ, ಒಂದೇ ವಿಷಯ ಇಟ್ಟು, ಅದು ಮಕ್ಕಳ ಓದಿಗೆ ಸಂಬಂಧಿಸಿದ್ದಾಗಿದ್ದರೆ ಜನ ಬರುತ್ತಾರೆ. ನಮ್ಮಲ್ಲಿ ಮೂರನೇ ತರಗತಿಯ ಮಕ್ಕಳಿಂದ ಪೋಷಕರ ಮುಂದೆ ಪಾಠ ಓದಿಸಿದ ಸಂಜೆ ಕೂರಲು ಚಾಪೆ ಸಾಲಲಿಲ್ಲ. ಅಧ್ಯಕ್ಷ ಸ್ಥಾನವನ್ನು ಪಂಚಾಯಿತಿ ಚುನಾವಣೆಯ ಮೆಟ್ಟಿಲು ಮಾಡಿಕೊಳ್ಳುವವರು ಇರುತ್ತಾರೆ. ಅವರನ್ನು ಶಾಲೆಯಿಂದ ದೂರ ಇಡಲು ಸುಳ್ಳು ನಡಾವಳಿ ಬರೆಯುವುದಂತೂ ಪರಿಹಾರವಲ್ಲ.

## ಶಾಲೆಯ ಮೇಲಿನ ವ್ಯವಸ್ಥೆ

"ಬಿಇಒ, ಡಿಡಿಪಿಐ, ಡಯಟ್, ಸಿಆರ್‌ಪಿ... ಯಾರು ಯಾರಿಗೆ ಏನು ಎಂದೇ ಗೊತ್ತಾಗುವುದಿಲ್ಲ."

ಎರಡು ಸಾಲುಗಳಾಗಿ ನೋಡಿ. ಆಡಳಿತದ ಸಾಲಿನಲ್ಲಿ ತಾಲ್ಲೂಕಿಗೆ ಅಥವಾ ವಲಯಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಜಿಲ್ಲೆಗೆ ಉಪನಿರ್ದೇಶಕರು (ಡಿಡಿಪಿಐ), ಅವರ ಮೇಲೆ ಆಯುಕ್ತರು. ವೇತನ, ರಜೆ, ನಿಯೋಜನೆ, ಶಿಸ್ತು ಕ್ರಮ ಈ ಸಾಲಿನವು. ಶೈಕ್ಷಣಿಕ ನೆರವಿನ ಸಾಲಿನಲ್ಲಿ ಹಲವು ಶಾಲೆಗಳ ಸಮೂಹಕ್ಕೆ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ, ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ಸಂಪನ್ಮೂಲ ವ್ಯಕ್ತಿಗಳಾದ ಬಿಆರ್‌ಪಿಗಳು, ಜಿಲ್ಲೆಗೆ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್, ರಾಜ್ಯಕ್ಕೆ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ. ತರಬೇತಿ, ತರಗತಿ ವೀಕ್ಷಣೆ, ಪಠ್ಯಕ್ಕೆ ಸಂಬಂಧಿಸಿದ್ದು ಇಲ್ಲಿಯದು. ಸಿಆರ್‌ಪಿ ನಿಮ್ಮ ಮೇಲಧಿಕಾರಿಯಲ್ಲ, ಸಹಶಿಕ್ಷಕರಾಗಿದ್ದೇ ಈ ಕೆಲಸಕ್ಕೆ ಬಂದವರು. ಆದರೆ ಅವರ ಮೋಟಾರ್ ಸೈಕಲ್ ಗೇಟಿನಲ್ಲಿ ಕಂಡಾಗ ಶಾಲೆ 'ಮಾಹಿತಿ ಕೇಳಲು ಬಂದರು' ಎಂದು ಭಾವಿಸುತ್ತದೆ. ಹೆಚ್ಚಿನ ದಿನ ಅದು ನಿಜವೂ ಆಗಿರುತ್ತದೆ.

"ಈ ವಿಷಯದಲ್ಲಿ ಮುಂದೆ ಓದಬೇಕೆಂದರೆ ಎಲ್ಲಿಗೆ ಹೋಗಬೇಕು?"

ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ (ನೀಪಾ) ಈ ಕ್ಷೇತ್ರಕ್ಕೇ ಮೀಸಲಾದದ್ದು. ಕರ್ನಾಟಕದಲ್ಲಿ ಧಾರವಾಡದ ರಾಜ್ಯ ಸಂಸ್ಥೆ ಶಾಲಾ ಮುಖ್ಯಸ್ಥರಿಗೂ ಅಧಿಕಾರಿಗಳಿಗೂ ನಿರ್ವಹಣೆಯ ತರಬೇತಿ ಕೊಡುತ್ತದೆ. ವಿಶ್ವವಿದ್ಯಾಲಯಗಳ ಎಂ.ಎಡ್. ಪಠ್ಯದಲ್ಲೂ ಇದು ಇದೆ.

"ಅಧಿಕಾರವೆಲ್ಲ ಮೇಲೆಯೇ ಇದ್ದರೆ ಶಾಲೆಯಲ್ಲಿ ನಿರ್ವಹಿಸಲು ಏನು ಉಳಿಯುತ್ತದೆ? ವಿಕೇಂದ್ರೀಕರಣ ಎಂದರೆ ಬರೀ ಮಾತೇ?"

ಮೇಲೆ ಏನಿದೆ ಎಂಬುದನ್ನು ಮೊದಲು ನೋಡೋಣ. 1976ರ 42ನೆಯ ತಿದ್ದುಪಡಿಯಿಂದ ಶಿಕ್ಷಣ ರಾಜ್ಯ ಪಟ್ಟಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹೋಯಿತು. ಪಠ್ಯಪುಸ್ತಕ, ನೇಮಕಾತಿ, ಪರೀಕ್ಷೆ, ವಾರ್ಷಿಕ ಕ್ಯಾಲೆಂಡರ್ ರಾಜ್ಯ ಮಟ್ಟದಲ್ಲಿ ತೀರ್ಮಾನವಾಗುತ್ತವೆ. ಮುಖ್ಯ ಶಿಕ್ಷಕರು ಶಿಕ್ಷಕರನ್ನು ಆರಿಸಿಕೊಳ್ಳುವಂತಿಲ್ಲ, ಉಳಿಸಿಕೊಳ್ಳುವಂತೆಯೂ ಇಲ್ಲ. 1988ರ ಶಿಕ್ಷಣ ಸುಧಾರಣಾ ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಶಾಲೆಯ ಆಯವ್ಯಯವನ್ನು ಬಹುಪಾಲು ಶಾಲೆಗೇ ಒಪ್ಪಿಸಲಾಯಿತು. ಅದನ್ನು ನಮ್ಮಲ್ಲೂ ತರಬೇಕು ಎನ್ನುವವರಿದ್ದಾರೆ. ನಾನು ಅಷ್ಟು ಉತ್ಸಾಹಿಯಲ್ಲ. ನೇಮಕಾತಿ ಊರಿನ ಕೈಗೆ ಬಂದರೆ ಯಾರ ಮನೆಯವರು ಶಿಕ್ಷಕರಾಗುತ್ತಾರೆ ಎಂಬುದನ್ನು ಹಳ್ಳಿಯಲ್ಲಿ ಬದುಕಿದವರಿಗೆ ವಿವರಿಸಬೇಕಾಗಿಲ್ಲ. ವರ್ಗಾವಣೆಯನ್ನು 2007ರ ಕಾಯ್ದೆಯ ಮೂಲಕ ಕೌನ್ಸೆಲಿಂಗಿಗೆ ತಂದದ್ದು ಕೇಂದ್ರೀಕರಣವೇ, ಆದರೆ ಅದರಿಂದ ಶಿಫಾರಸು ಪತ್ರ ಹಿಡಿದು ಅಲೆಯುವುದು ಎಷ್ಟೋ ಕಡಿಮೆಯಾಯಿತು.

ಯಾವುದನ್ನು ಮೇಲೆ ಇಡಬೇಕು, ಯಾವುದನ್ನು ಕೆಳಗೆ ಬಿಡಬೇಕು ಎಂಬುದು ವಿಷಯವಾರು ತೀರ್ಮಾನ. ಪಕ್ಷಪಾತಕ್ಕೆ ಅವಕಾಶವಿರುವುದು ಮೇಲಿದ್ದರೆ ಲೇಸು. ಸ್ಥಳದಲ್ಲಿ ನಿಂತವರಿಗಷ್ಟೇ ಕಾಣುವುದು ಕೆಳಗಿರಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಮಕ್ಕಳು ಹೇಗೆ ದಾಟುತ್ತಾರೆ ಎಂಬುದು ಮಲೆನಾಡಿನ ಶಾಲೆಗೆ ಗೊತ್ತು, ಬೇಸಿಗೆಯ ಬಿಸಿಲಿನಲ್ಲಿ ಎಷ್ಟು ಹೊತ್ತಿನ ನಂತರ ಮಗುವಿನ ತಲೆಗೆ ಏನೂ ಇಳಿಯುವುದಿಲ್ಲ ಎಂಬುದು ರಾಯಚೂರಿನ ಶಾಲೆಗೆ ಗೊತ್ತು. 1964–66ರ ಕೊಠಾರಿ ಆಯೋಗ ಸೂಚಿಸಿದ 'ಶಾಲಾ ಸಂಕೀರ್ಣ'ದ ಕಲ್ಪನೆ ಇಂಥ ಮಧ್ಯದ ದಾರಿಯಾಗಿತ್ತು. ಒಂದು ಪ್ರೌಢಶಾಲೆಯೂ ಸುತ್ತಲಿನ ಪ್ರಾಥಮಿಕ ಶಾಲೆಗಳೂ ಪ್ರಯೋಗಾಲಯ, ಗ್ರಂಥಾಲಯ, ಅನುಭವಗಳನ್ನು ಹಂಚಿಕೊಂಡು ತಮ್ಮ ನಿರ್ಧಾರಗಳನ್ನು ತಾವೇ ತೆಗೆದುಕೊಳ್ಳಲಿ ಎಂಬುದು ಅದರ ಆಶಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದೇ ಮಾತನ್ನು ಮತ್ತೆ ಹೇಳಿದೆ. ಐವತ್ತು ವರ್ಷ ದಾಟಿದರೂ ಹೊಸ ಸಲಹೆಯಂತೆಯೇ ಕೇಳಿಸುತ್ತದೆ.

## ಸ್ವರೂಪದ ಬಗ್ಗೆ

"ಶೈಕ್ಷಣಿಕ ನಿರ್ವಹಣೆ ಕಲೆಯೋ, ವಿಜ್ಞಾನವೋ?"

ಪರೀಕ್ಷೆಯಲ್ಲಿ 'ಎರಡೂ ಹೌದು' ಎಂದು ಬರೆದು ನಾಲ್ಕು ನಾಲ್ಕು ಅಂಶ ಕೊಡಿ, ಅಂಕ ಬರುತ್ತದೆ. ನನಗೆ ಹತ್ತಿರದ ಹೋಲಿಕೆ ಒಕ್ಕಲುತನ. ಮಣ್ಣಿನ ಪರೀಕ್ಷೆ, ಬೀಜದ ಪ್ರಮಾಣ, ಸಾಲಿನ ಅಂತರ ಎಲ್ಲವನ್ನೂ ಅಳೆಯಬಹುದು, ಅಳೆಯಲೂ ಬೇಕು. ಆದರೂ ಇವತ್ತು ಬಿತ್ತಬೇಕೋ ಇನ್ನೆರಡು ದಿನ ಕಾಯಬೇಕೋ ಎಂಬುದನ್ನು ಮಣ್ಣನ್ನು ಕೈಯಲ್ಲಿ ಹಿಡಿದವರೇ ಹೇಳಬೇಕು. ಮುನಿಸಿಕೊಂಡ ಇಬ್ಬರು ಹಿರಿಯ ಶಿಕ್ಷಕರಿಗೆ ಪ್ರತಿಭಾ ಕಾರಂಜಿಯ ಹೊಣೆಯನ್ನು ಒಟ್ಟಿಗೆ ಕೊಡಬೇಕೋ ಬೇರೆ ಬೇರೆಯಾಗಿ ಕೊಡಬೇಕೋ ಎಂಬುದಕ್ಕೆ ಸೂತ್ರವಿಲ್ಲ. ಒಮ್ಮೆ ಒಟ್ಟಿಗೆ ಕೊಟ್ಟೆ, ಮಾತು ಬೆಳೆಯಿತು. ಇನ್ನೊಂದು ಶಾಲೆಯಲ್ಲಿ ಅದನ್ನೇ ಮಾಡಿದಾಗ ಅವರು ಆ ನೆಪದಲ್ಲಿ ರಾಜಿಯಾದರು.

"ಶಾಲೆಯನ್ನೂ ಕಂಪನಿಯ ಹಾಗೆ ಗುರಿ ಕೊಟ್ಟು, ಫಲಿತಾಂಶ ಕೇಳಿ ನಡೆಸಿದರೆ ತಪ್ಪೇನು?"

ಗುರಿ ಇರುವುದರಲ್ಲಿ ತಪ್ಪಿಲ್ಲ. ಗುರಿಯನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೇವೆ ಎಂಬುದರಲ್ಲಿ ಎಡವುತ್ತೇವೆ. ಫ್ರೆಡರಿಕ್ ಟೇಲರ್ 1911ರಲ್ಲಿ 'ವೈಜ್ಞಾನಿಕ ನಿರ್ವಹಣೆ'ಯನ್ನು ಮಂಡಿಸಿದಾಗ ಅವರ ಕಣ್ಣಮುಂದೆ ಇದ್ದದ್ದು ಕಾರ್ಖಾನೆಯ ಕೆಲಸ. ಅಲ್ಲಿ ಎತ್ತಿ ಹಾಕಿದ ಕಬ್ಬಿಣವನ್ನು ಸಂಜೆ ತೂಗಬಹುದು. ಶಾಲೆಯ ಫಲ ಹಾಗೆ ಸಂಜೆಗೆ ಸಿಗುವುದಿಲ್ಲ; ಕೆಲವು ಹತ್ತು ವರ್ಷದ ಮೇಲೆ ಕಾಣುತ್ತವೆ, ಕೆಲವು ಶಾಲೆಯಿಂದ ಬಂದವೋ ಮನೆಯಿಂದ ಬಂದವೋ ಎಂದು ಹೇಳಲು ಬರುವುದಿಲ್ಲ.

ಈ ಪ್ರಯೋಗ ಟೇಲರ್‌ಗಿಂತ ಮೊದಲೇ ನಡೆದಿತ್ತು. 1862ರಲ್ಲಿ ಇಂಗ್ಲೆಂಡ್ ಓದು, ಬರಹ, ಲೆಕ್ಕಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಸಂಖ್ಯೆಯನ್ನೂ ಹಾಜರಿಯನ್ನೂ ನೋಡಿ ಶಾಲೆಗೆ ಅನುದಾನ ಕೊಡುವ ಪದ್ಧತಿ ತಂದಿತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲೂ ಫಲಿತಾಂಶ ನೋಡಿ ಅನುದಾನ ಕೊಡುವ ಕ್ರಮ ಇತ್ತು. ಶಾಲೆಗಳು ಏನು ಮಾಡಿದವು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಪರೀಕ್ಷಕರು ಕೇಳುವ ಪುಸ್ತಕವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದವು. ಪರೀಕ್ಷೆಯಲ್ಲಿಲ್ಲದ ವಿಷಯಗಳು ಸೊರಗಿದವು. ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡೇ ಅದನ್ನು ಕೈಬಿಟ್ಟಿತು.

ನಮ್ಮ ಕಾಲದ ಉದಾಹರಣೆಯೂ ಇದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳಿಗೆ ಸ್ಥಾನ ಹಂಚಲಾಗುತ್ತದೆ, ಕೆಳಗಿನ ಜಿಲ್ಲೆಗಳ ಅಧಿಕಾರಿಗಳಿಗೆ ನೋಟಿಸ್ ಹೋಗುತ್ತದೆ. 2023ರಲ್ಲಿ ಶೇ. 83.89 ಇದ್ದ ತೇರ್ಗಡೆ 2024ರಲ್ಲಿ ಶೇ. 73.40ಕ್ಕೆ ಇಳಿಯಿತು; ಅದು ಪರೀಕ್ಷಾ ಕೊಠಡಿಗಳನ್ನು ವೆಬ್‌ಕಾಸ್ಟಿಂಗ್ ಮೂಲಕ ಕಣ್ಗಾವಲಿಗೆ ಒಳಪಡಿಸಿದ ವರ್ಷ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಬಂದ ಸಂಖ್ಯೆ ಅದು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರೆಂದು ಯಾರೂ ನಂಬುವುದಿಲ್ಲ. ಸಂಖ್ಯೆಯನ್ನೇ ಗುರಿ ಮಾಡಿದಾಗ ಕೆಳಗಿನವರು ಸಂಖ್ಯೆಯನ್ನೇ ತಯಾರಿಸಿ ಕೊಡುತ್ತಾರೆ. ಕಲಿಕೆಯನ್ನು ತಯಾರಿಸುವುದಕ್ಕಿಂತ ಅದು ಸುಲಭ.

ಹಾಗೆಂದು ಕಂಪನಿಗಳಿಂದ ಕಲಿಯಲು ಏನೂ ಇಲ್ಲವೆಂದಲ್ಲ. ಹೊತ್ತಿಗೆ ಸರಿಯಾಗಿ ಸಭೆ ಮುಗಿಸುವುದನ್ನು, ಕೆಟ್ಟ ನಲ್ಲಿಯನ್ನು ಅದೇ ದಿನ ಸರಿಪಡಿಸುವುದನ್ನು ಯಾರಿಂದ ಕಲಿತರೂ ಆದೀತು.

"ನಮ್ಮ ಶಾಲೆಯ ನಿರ್ವಹಣೆ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅಂಕಿ ಅಂಶ ನಂಬಬಾರದು ಎಂದರೆ ಮತ್ತೇನನ್ನು ನೋಡುವುದು?"

ಅಂಕಿಯನ್ನು ನೋಡಿ, ಅದನ್ನೊಂದನ್ನೇ ನೋಡಬೇಡಿ. ನಾನು ಬೇರೆ ಶಾಲೆಗೆ ಭೇಟಿ ಕೊಟ್ಟಾಗ ಮುಖ್ಯ ಶಿಕ್ಷಕರ ಕೊಠಡಿಗೆ ಹೋಗುವ ಮೊದಲು ಕಾರಿಡಾರಿನಲ್ಲಿ ಒಂದು ಸುತ್ತು ಬರುತ್ತೇನೆ. ಗಂಟೆ ಹೊಡೆದು ಐದು ನಿಮಿಷದ ಮೇಲೆ ಎಷ್ಟು ಕೊಠಡಿಗಳಲ್ಲಿ ಶಿಕ್ಷಕರ ದನಿ ಅಥವಾ ಮಕ್ಕಳ ಕೆಲಸದ ಗುಜುಗುಜು ಇದೆ ಎಂದು ಕೇಳಿಸಿಕೊಳ್ಳುತ್ತೇನೆ. ಗ್ರಂಥಾಲಯದ ಕಪಾಟು ಬೀಗ ಹಾಕಿದೆಯೇ, ಹಾಕಿದ್ದರೆ ಬೀಗದ ಕೈ ಯಾರ ಬಳಿ ಇದೆ ಎಂದು ಯಾವುದಾದರೂ ಮಗುವನ್ನು ಕೇಳುತ್ತೇನೆ. ಶೌಚಾಲಯದಲ್ಲಿ ನೀರು ಬರುತ್ತಿದೆಯೇ ಎಂದು ನೋಡುತ್ತೇನೆ. ಏಳನೇ ತರಗತಿಯ ಹುಡುಗಿಯರು ಮಧ್ಯಾಹ್ನದ ನಂತರ ಮನೆಗೆ ಹೋಗುತ್ತಿದ್ದರೆ ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಇನ್ನೊಂದು ಪರೀಕ್ಷೆ ಮುಖ್ಯ ಶಿಕ್ಷಕರು ಶಾಲೆಯಲ್ಲಿ ಇಲ್ಲದ ದಿನದ್ದು. ಒಮ್ಮೆ ತಾಲ್ಲೂಕು ಕಚೇರಿಯ ಸಭೆ ಮಧ್ಯಾಹ್ನವೇ ಮುಗಿದು, ನಾನು ಹೇಳದೆ ಕೇಳದೆ ನಮ್ಮ ಶಾಲೆಗೆ ಮರಳಿದೆ. ಊಟದ ನಂತರದ ಅವಧಿ ಶುರುವಾಗಿತ್ತು. ತೊಟ್ಟಿಯ ಬಳಿ ಯಾರೂ ಇರಲಿಲ್ಲ, ಆರು ನಲ್ಲಿಗಳೂ ಬಿಗಿಯಾಗಿ ತಿರುಗಿಸಿದ್ದವು, ಆರನೇ ತರಗತಿಯಲ್ಲಿ ವಿಜ್ಞಾನದ ಶಿಕ್ಷಕಿ ಗಾಜಿನ ಲೋಟದಲ್ಲಿ ಉಪ್ಪು ಕದಡುತ್ತಿದ್ದರು. ಕಿಟಕಿಯಿಂದ ಒಬ್ಬ ಹುಡುಗ ನನ್ನನ್ನು ನೋಡಿದ, ಮತ್ತೆ ಲೋಟದ ಕಡೆಗೇ ತಿರುಗಿದ.